ಅಟ್ಟದ ಕಾಯಿ, ಸಿದ್ದಗಂಗಮ್ಮನ ಕಿವಿ

ಕಡಬದ ಸಿದ್ದಗಂಗಮ್ಮನ ಮನೆಯಲ್ಲಿ ಅಟ್ಟದ ತೆಂಗಿನಕಾಯಿ ಇಳಿಸುವ ಕಾಲ ಬಂತೆಂದರೆ ಕೊನೆಯ ಮಾತು ಅವಳದ್ದೇ. ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಕೊಬ್ಬರಿ ಗಡಗಡ ಎಂದರೆ ಸುಲಿಯುವುದಕ್ಕೆ, ಸದ್ದಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಇಪ್ಪತ್ತು ವರ್ಷದಲ್ಲಿ ಅವಳ ಮಾತು ಸುಳ್ಳಾಗಿರಲಿಲ್ಲ.

ಈ ಸಲ ಹತ್ತು ಕಾಯಿ ಅಲ್ಲಾಡಿಸಿದಳು. ಹತ್ತನ್ನೂ ಪಕ್ಕಕ್ಕೆ ತಳ್ಳಿದಳು.

"ಒಂದೂ ಆಗಿಲ್ಲ. ಅಟ್ಟಕ್ಕೆ ಹಾಕು."

ಸೊಸೆ ತ್ರಿವೇಣಿ ಒಂದನ್ನೆತ್ತಿ ಅಲ್ಲಾಡಿಸಿದಳು. "ಅತ್ತೆ, ಇದು ಆಗೈತೆ. ನಂಗೆ ಇಲ್ಲಿಗೇ ಕೇಳ್ತೈತೆ."

"ನಿನ್ನೆ ಮೊನ್ನೆ ಬಂದೋಳು ನಂಗೆ ಹೇಳ್ಕೊಡ್ತೀಯಾ?"

ತ್ರಿವೇಣಿ ಆ ಕಾಯಿ ಸುಲಿದು ಒಡೆದಳು. ಪೂರ್ತಿ ಒಣಗಿದ ದುಂಡನೆಯ ಗಿಟುಕು ಕೊಬ್ಬರಿ ಉರುಳಿ ಬಿತ್ತು. ಇಷ್ಟು ವರ್ಷ ನಡೆಸಿದ ಅಟ್ಟದ ಯಜಮಾನಿಕೆ ಕೈಬಿಟ್ಟು ಹೋಗುತ್ತದಲ್ಲ, ಊರೆಲ್ಲ ಕೆಪ್ಪಿ ಅನ್ನುತ್ತದಲ್ಲ ಎಂದು ಸಿದ್ದಗಂಗಮ್ಮನಿಗೆ ದಿಗಿಲಾಯಿತು.

ಕಿವಿ ಮಂದವಾಗಿದೆ ಎಂದು ಬಾಯಿಬಿಟ್ಟು ಹೇಳುವ ಹೆಂಗಸೇ ಅವಳು? ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಎರಡೂ ಕಿವಿಗೆ ಬಿಟ್ಟಳು. ತಲೆಯ ಹೇರ್‌ಪಿನ್ ಕಿತ್ತು ಚೆನ್ನಾಗಿ ಕೆದಕಿದಳು. ವಾರದೊಳಗೆ ಎಡಗಿವಿ ಸೋರತೊಡಗಿತು; ಅದಕ್ಕೆ ಹತ್ತಿ ತುರುಕಿಕೊಂಡಳು.

ಮೊಮ್ಮಗಳು ಕೃತಿಕಾಗೆ ದಡಾರದ ಚುಚ್ಚುಮದ್ದು ಹಾಕಲು ಬಂದ ನರ್ಸ್ ಸರ್ವಮಂಗಳಮ್ಮನ ಕಣ್ಣಿಗೆ ಸಿದ್ದಗಂಗಮ್ಮನ ಕಿವಿಯ ಹತ್ತಿ ಬಿತ್ತು.

"ಏನಮ್ಮಾ ಇದು?" ಎಂದು ಜೋರಾಗಿ ಕೇಳಿದರು.

"ವಯಸ್ಸಾಯ್ತಲ್ಲ ಸಿಸ್ಟರ್, ಕಿವಿ ಮಂದ ಆಗೇ ಆಗುತ್ತೆ. ಅದಕ್ಯಾಕೆ ಆಸ್ಪತ್ರೆ, ಬುಡಿ."

"ವಯಸ್ಸಿಗೂ ಮಂದ ಆಗುತ್ತೆ, ಇಲ್ಲ ಅನ್ನಲ್ಲ. ಗುಗ್ಗೆ ಗಟ್ಟಿಯಾದ್ರೂ ಕೇಳಲ್ಲ, ಕೀವಾದ್ರೂ ಕೇಳಲ್ಲ, ಪಿನ್ನು ತಗುಲಿ ಕಿವಿ ತಮಟೆ ತೂತಾದ್ರೂ ಕೇಳಲ್ಲ. ಒಳಗೆ ನೋಡ್ದೆ ಹೆಂಗೆ ಹೇಳೋದು? ದಡಾರ, ಮಂಗನಬಾವು ಬಂದ ಮಕ್ಕಳ ಕಿವೀನೂ ಕೆಡಬಹುದು, ಅದಕ್ಕೇ ಮಕ್ಕಳ ಚುಚ್ಚುಮದ್ದು ಯಾವುದೂ ತಪ್ಪಿಸಬಾರದು. ನಿಮ್ಮ ಮಗ ತಿಮ್ಮೇಶನೂ ದಿನವೆಲ್ಲ ತೆಂಗಿನ ನಾರಿನ ಮಿಷನ್ ಸದ್ದಲ್ಲಿ ನಿಲ್ತಾನೆ, ಆ ಸದ್ದಿಗೂ ಕಿವಿ ಕೆಡುತ್ತೆ. ಅವನೂ ತೋರಿಸ್ಕೊಳ್ಳಲಿ."

"ನಾನು ಕರ್ಕೊಂಡೋಗ್ತೀನಿ, ನಡೀರಿ ಅತ್ತೆ," ಎಂದಳು ತ್ರಿವೇಣಿ.

ಸೋಮವಾರ ಅತ್ತೆ ಸೊಸೆ ತುಮಕೂರಿನ ಬಸ್ಸು ಹತ್ತಿದರು. ಕಿವಿ ಡಾಕ್ಟರು ಲೈಟು ಬಿಟ್ಟು ನೋಡಿದರು. ಬಲಗಿವಿಯಲ್ಲಿ ಗುಗ್ಗೆ ಬಿರಡೆಯ ಹಾಗೆ ಕೂತಿತ್ತು. ಎಡಗಿವಿಯ ತಮಟೆಯಲ್ಲಿ ಸಣ್ಣ ತೂತು. ಬಲಗಿವಿ ಸ್ವಚ್ಛ ಮಾಡಿದ್ದೇ ತಡ, ಸಿದ್ದಗಂಗಮ್ಮ ತಲೆಯೆತ್ತಿ ಫ್ಯಾನು ನೋಡಿದಳು. ಅಷ್ಟು ಹೊತ್ತು ಅದು ಸದ್ದು ಮಾಡುತ್ತಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ!

"ಎಡಗಿವಿ ಕೀವಿಗೆ ಔಷಧಿ ಕೊಡ್ತೀನಿ. ತೂತು ತಾನಾಗಿ ಮುಚ್ಚಲಿಲ್ಲ ಅಂದ್ರೆ ಆಪರೇಷನ್ ಇದೆ, ಹೆದರಬೇಡಿ. ನೀರು, ಎಣ್ಣೆ ಮಾತ್ರ ಒಂದು ತೊಟ್ಟೂ ಬೀಳಬಾರದು," ಎಂದರು ಡಾಕ್ಟರು.

ಮನೆಗೆ ಬಂದವಳೇ ಒಂದು ಕಾಯಿಯನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದಳು. ಗಡಗಡ. ಅವಳ ಕಣ್ಣು ತುಂಬಿ ಬಂತು.

"ಆಗೈತೆ ಕಣೇ ತ್ರಿವೇಣಿ! ಅವತ್ತು ನೀನೇ ಸರಿ. ಬಾ, ಪಕ್ಕದಲ್ಲಿ ಕೂತ್ಕೊ, ಇಬ್ಬರೂ ನೋಡಾಣ."

ಆಮೇಲೆ ಜಗುಲಿಯ ಕಡೆ ತಿರುಗಿ ಮಗನನ್ನು ಕೂಗಿದಳು. ಒಂದು ಸಲ, ಎರಡು ಸಲ. ಮೂರನೆಯ ಕೂಗಿಗೆ ತಿಮ್ಮೇಶ ತಿರುಗಿದ.

"ಏನ್ಲಾ, ನಾಳೆ ನೀನು ತುಮಕೂರಿಗೆ ಹೊರಡು!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೂರನೆಯ ಕೂಗಿಗೆ ತಿರುಗುವವರು ಇದ್ದಾರೆಯೇ? ಮಗುವಾಗಲಿ, ಮುದುಕರಾಗಲಿ, ಬೈಯಬೇಡಿ, ನಗಬೇಡಿ. ಪಿನ್ನು, ಕಡ್ಡಿ, ಕಾದ ಎಣ್ಣೆ ಕಿವಿಯ ಹತ್ತಿರ ತರಬೇಡಿ. ಕೈ ಹಿಡಿದು ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಈ ವಾರವೇ ಹೋಗಿ.