ಮೊಂಡು ಮೊನೆಯ ಬಾಣಗಳು

ಗೋಕುಲಂ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದ ಜರ್ಮನಿಯ ಯುವಕ ಯೋಗದ ಕಲಿಕೆ ಮುಗಿಸಿ ಊರಿಗೆ ಹೊರಟಾಗ ತನ್ನ ಬಿಲ್ಲನ್ನೂ ಒಂದು ಕಟ್ಟು ಮರದ ಬಾಣಗಳನ್ನೂ ಮನೆಯ ಒಡೆಯ ಅಮರೇಶನಿಗೆ ಕೊಟ್ಟುಹೋದ. ತೊಂಬತ್ತೆಂಟರ ಮಳೆಗಾಲ ಆಗಷ್ಟೇ ಮುಗಿದಿತ್ತು. ಕಿರುಬೆರಳಿಗಿಂತ ಸಣ್ಣನೆಯ ಬಾಣಗಳು, ತುದಿಗೆ ಚೂಪಾದ ಉಕ್ಕಿನ ಮೊನೆ. ಅಮರೇಶನದು ಮೋಟಾರು ಬಿಡಿಭಾಗಗಳ ಅಂಗಡಿ. ಭಾನುವಾರ ಬಾಗಿಲು ತೆಗೆಯುತ್ತಿರಲಿಲ್ಲ. ಹೆಂಡತಿ ಸುಷ್ಮಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿಜಯನಗರದಾಚೆ ಇನ್ನೂ ಮನೆ ಏಳದ ಸೈಟುಗಳ ಬಯಲಿಗೆ ಹೋಗಿ, ಇಬ್ಬರೂ ಸರದಿಯಂತೆ ಬಾಣ ಬಿಡುವುದು ರೂಢಿಯಾಯಿತು. ಪಕ್ಕದ ಮನೆಯ ವಾಗೀಶ, ಕಾಲೇಜಿನ ಸಂಸ್ಕೃತ ಮೇಷ್ಟ್ರು, ತಮ್ಮ ಲೂನಾ ಏರಿ ಹಿಂದೆಯೇ ಬರುತ್ತಿದ್ದರು.

ಚೂಪು ಮೊನೆ ಆ ಬಯಲಿಗೆ ಒಗ್ಗಲಿಲ್ಲ. ಗುರಿ ತಪ್ಪಿದ ಬಾಣ ಹುಲ್ಲಿನ ಬುಡಕ್ಕೆ ನುಸುಳಿ ಮಾಯವಾಗುತ್ತಿತ್ತು. ಮರದ ಬೊಡ್ಡೆಗೆ ಹೊಕ್ಕರೆ ಕೀಳುವಾಗ ಮುರಿಯುತ್ತಿತ್ತು.

"ಮೊಂಡು ಮೊನೆ ಹಾಕ್ಬುಡೋಣ ಕಣೇ. ಕಳೆಯೋದೂ ಇಲ್ಲ, ಯಾರಿಗಾದ್ರೂ ತಗುಲಿದ್ರೂ ಭಯ ಇಲ್ಲ" ಎಂದ ಅಮರೇಶ.

ಆರಿಸುವ ಕೆಲಸ ಸುಷ್ಮಾಳ ಪಾಲಿಗೆ ಬಂತು. ಉಕ್ಕಿನ ಮೊನೆಯ ಜಾಗಕ್ಕೆ ಹಿತ್ತಾಳೆಯ ಟೋಪಿ ಹಾಕಿ ನೋಡಿದಳು; ಅದರ ಭಾರಕ್ಕೆ ಬಾಣದ ಸಣ್ಣ ಕಡ್ಡಿ ಬಿಲ್ಲಿನಿಂದ ಹೊರಡುವಾಗಲೇ ಬಳುಕಿ, ಬಾಣ ಅರ್ಧ ದಾರಿಯಲ್ಲಿ ತಲೆ ತಗ್ಗಿಸಿತು. ಸೀಬೆ ಮರದ ಗುಂಡು ಮಾಡಿಸಿದರೆ ಕಲ್ಲಿಗೆ ಬಡಿದು ಸೀಳಿತು. ಅಂಗಡಿಯಲ್ಲಿ ಹುಡುಕಿ ತಂದ ಗಟ್ಟಿ ಕರಿ ರಬ್ಬರಿನ ಟೋಪಿಗಳು ಕೊನೆಗೆ ಸರಿಹೋದವು. ಹಳೆಯ ಮೊನೆಯಷ್ಟೇ ತೂಕ. ನೆಲಕ್ಕೆ ಬಡಿದ ಬಾಣ ಪುಟಿದು ಹುಲ್ಲಿನ ಮೇಲೆಯೇ ಬೀಳುತ್ತಿತ್ತು. ತನ್ನ ಆಯ್ಕೆಯ ಬಗ್ಗೆ ಸುಷ್ಮಾಳಿಗೆ ಹೆಮ್ಮೆಯೆನಿಸಿತು.

ಆದರೆ ಖಾಲಿ ಎಣ್ಣೆ ಡಬ್ಬವೊಂದಕ್ಕೆ ಹೊಡೆದ ದಿನ ಅವಳು ಹತ್ತಿರ ಹೋಗಿ ನೋಡಿದಳು. ತಗಡು ಒಳಕ್ಕೆ ಕುಸಿದಿತ್ತು. ಹೆಬ್ಬೆರಳಿಟ್ಟರೆ ಬೆರಳು ಪೂರಾ ಮುಳುಗಿತು.

"ನೋಡ್ರೀ ಇಲ್ಲಿ. ಮೊಂಡು ಅಂದ್ಮಾತ್ರಕ್ಕೆ ಏಟಿಲ್ಲ ಅಂತಲ್ಲ."

"ರಬ್ಬರ್ ಕಣೇ" ಎಂದು ಅವನು ನಕ್ಕ.

ಅಲ್ಲಿಂದಾಚೆ ಆ ಒಂದು ಮಾತೇ ಅವನಿಗೆ ಎಲ್ಲದಕ್ಕೂ ಪರವಾನಗಿಯಾಯಿತು. ಮೊದಲು ತಂತಿಯ ಮೇಲಿನ ಕಾಗೆಗಳು. ಆಮೇಲೆ ಬಯಲಲ್ಲಿ ಮಲಗಿದ್ದ ಕಂದು ನಾಯಿ. ಏಟು ಬಿದ್ದಾಗ ಅದು ಕಿರುಚಲಿಲ್ಲ. ಕೆಮ್ಮಿದಂಥ ಸದ್ದು ಮಾಡಿ, ಹಿಂಗಾಲನ್ನು ಎಳೆದುಕೊಂಡು ಜಲ್ಲಿಯ ರಾಶಿಯ ಹಿಂದೆ ಸರಿಯಿತು. "ಎದ್ದು ಹೋಯ್ತಲ್ಲ" ಎಂದ ಅಮರೇಶ. ವಾಗೀಶ ತಲೆ ಬಗ್ಗಿಸಿ ಕನ್ನಡಕ ಒರೆಸಿಕೊಂಡರು. ಬಾಣ ತರಲು ಹೋದ ಸುಷ್ಮಾ ನಾಯಿಯನ್ನು ಹುಡುಕಿದಳು, ಸಿಗಲಿಲ್ಲ. ರಬ್ಬರಿಗೆ ನಾಲ್ಕು ಕೂದಲು ಅಂಟಿದ್ದವು.

ಅದರ ಮುಂದಿನ ಭಾನುವಾರ ಅವನು ತೆಂಗಿನ ಕರಟವೊಂದನ್ನು ತಂದಿದ್ದ. ಅರ್ಧ ಕಟ್ಟಿ ನಿಲ್ಲಿಸಿದ್ದ ಇಟ್ಟಿಗೆ ಗೋಡೆಯ ಕಡೆ ಕೈ ತೋರಿಸಿದ.

"ಹೋಗಿ ಅಲ್ಲಿ ನಿಂತ್ಕೋ. ಕರಟಾನ ತಲೆ ಪಕ್ಕದಲ್ಲಿ ಹಿಡ್ಕೊಂಡ್ರೆ ಸಾಕು."

"ಅಮರೇಶ್, ಇದು ಬೇಡ ಕಣ್ರೀ" ಎಂದರು ವಾಗೀಶ.

"ನೀವು ಸುಮ್ನಿರಿ ಮೇಷ್ಟ್ರೇ. ಆರಿಸಿದ್ದು ಅವಳೇ ಅಲ್ವಾ? ಅವಳಿಗೇ ನಂಬಿಕೆ ಇಲ್ವಾ?"

ಗಂಡ ನಗುತ್ತಿದ್ದ, ಆದರೆ ಕೇಳುತ್ತಿರಲಿಲ್ಲ, ಹೇಳುತ್ತಿದ್ದ. ಮನೆಯಲ್ಲೂ ಅವನು ಹೀಗೆಯೇ ನಗುತ್ತ ಹೇಳುತ್ತಿದ್ದದ್ದು, ತಾನು ಎದ್ದು ಮಾಡುತ್ತಿದ್ದದ್ದು, ಎಲ್ಲ ಒಟ್ಟಿಗೇ ಅವಳ ಎದೆಗೆ ಬಂದು ನಿಂತಿತು.

"ಮೊದ್ಲು ನೀವು ನಿಂತ್ಕೊಳ್ಳಿ. ಗುರಿ ನಂದೇ ಚೆನ್ನಾಗಿರೋದು" ಎಂದಳು.

ಮೇಷ್ಟ್ರ ಎದುರಿಗೆ ಹಿಂಜರಿಯುವುದು ಅವನಿಂದಾಗಲಿಲ್ಲ. ಕರಟ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಂತ.

ಸುಷ್ಮಾ ಹೆದೆ ಎಳೆದಳು. ಕೈ ನಡುಗಬಹುದೆಂದುಕೊಂಡಿದ್ದಳು; ನಡುಗಲಿಲ್ಲ. ಕರಟ, ಅದರ ಪಕ್ಕ ಕಿವಿ, ಕೆನ್ನೆ, ಹುಬ್ಬುಗಳ ನಡುವೆ ಬೆವರಿನ ಹೊಳಪು. ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು. ಒಂದು ಕ್ಷಣದ ನಂತರ ತಾನು ಕರಟವನ್ನು ನೋಡುತ್ತಲೇ ಇಲ್ಲವೆಂಬುದು ಅವಳಿಗೆ ತಿಳಿಯಿತು. ದೂರದಿಂದ ಅವನಿಗೂ ತಿಳಿದಿರಬೇಕು. ನಗು ಆರಿಹೋಯಿತು. ಆದರೂ ಅವನು ಕದಲಲಿಲ್ಲ, ಕದಲುವುದಕ್ಕೇ ಹೆದರಿದವನಂತಿದ್ದ.

"ಸುಷ್ಮಾ ಅವ್ರೇ!" ವಾಗೀಶ ಕೂಗಿದರು.

ಬೆರಳು ಬಿಡುವ ಹೊತ್ತಿಗೆ ಅವಳು ಮೊಣಕೈ ತಿರುಗಿಸಿದಳು. ಬಾಣ ಅವನ ಕಿವಿಯ ಪಕ್ಕ ಇಟ್ಟಿಗೆಗೆ ಬಡಿದು ಪುಡಿಯಾಯಿತು. ಸಿಡಿದ ಚಕ್ಕೆಯೊಂದು ಕಿವಿಯ ತುದಿ ಸೀಳಿ, ರಕ್ತ ಅಂಗಿಯ ಕಾಲರಿಗೆ ಇಳಿಯಿತು.

"ತಪ್ಪಿಹೋಯ್ತಾ?" ಎಂದ ಅಮರೇಶ. ಧ್ವನಿ ತೆಳ್ಳಗಾಗಿತ್ತು.

ಅವಳು ಸೆರಗಿನ ತುದಿ ಹರಿದು ಅವನ ಕಿವಿಗೆ ಒತ್ತಿ ಹಿಡಿದಳು. ಅವಳ ಕೈ ಹತ್ತಿರ ಬಂದಾಗ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಬಿಲ್ಲನ್ನು ವಾಗೀಶರೇ ಎತ್ತಿಕೊಂಡು ಹೋದರು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಕಿವಿ ವಾಸಿಯಾಯಿತು. ಅಮರೇಶ ಮೊದಲಿಗಿಂತ ಮೆದುವಾಗಿ ಮಾತಾಡತೊಡಗಿದ, ಕೇಳಿ ಮಾಡತೊಡಗಿದ. ಅಡುಗೆಮನೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದವನು ಈಗ ತಟ್ಟೆಯನ್ನು ಆಚೆ ಬದಿಗೆ ಸರಿಸಿಕೊಂಡು, ಅವಳ ಕೈಗಳು ಕಾಣುವಂತೆ ಕೂರುತ್ತಾನೆ. ಈಳಿಗೆಮಣೆಯ ಮುಂದೆ ಕುಳಿತ ಸುಷ್ಮಾ ಕೂಡ ಒಮ್ಮೊಮ್ಮೆ ಹೆಚ್ಚುವುದನ್ನು ನಿಲ್ಲಿಸಿ, ನಡುಗದ ಆ ಕೈಗಳನ್ನೇ ನೋಡುತ್ತಾಳೆ.