ಸೊಂಟದ ಅಳತೆ

ದರ್ಜಿಗೆ ಡಾಕ್ಟರಿಗಿಂತ ತನ್ನ ಟೇಪಿನ ಮೇಲೆ ನಂಬಿಕೆ ಹೆಚ್ಚು. ಸಿಗರೇಟು ಬಿಟ್ಟ ಮೇಲೆ ಆ ಟೇಪು ಅವನ ಸೊಂಟಕ್ಕೆ ಎರಡಿಂಚು ಹೆಚ್ಚು ತೋರಿಸುತ್ತಿತ್ತು.

“ನೋಡೇ, ಸೇದ್ತಿದ್ದಾಗ ಕಡ್ಡಿ ಹಾಗಿದ್ದೆ. ಈಗ ಹೊರಗೇ ಇಷ್ಟು ಕೊಬ್ಬಿದ್ರೆ ರಕ್ತದಲ್ಲಿ ಇನ್ನೆಷ್ಟಿರ್ಬೇಡ?” ಎಂದ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು.

“ಕೊಬ್ಬು ನಿಮಗೆ ಮೊದಲಿಂದ್ಲೂ ಇತ್ತು. ಈಗ ತಲೆಯಿಂದ ಸೊಂಟಕ್ಕೆ ಇಳಿದಿದೆ ಅಷ್ಟೆ,” ಎಂದಳು ಹೆಂಡತಿ.

ಹೊಲಿಗೆ ಯಂತ್ರ ತುಳಿಯುವ ಬಲಗಾಲು ಅಪಾಯದಲ್ಲಿತ್ತು. ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಸೇದುತ್ತಿದ್ದಾಗ ಕಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಲೇ ಇರಲಿಲ್ಲ. ರಕ್ತನಾಳ ಕಿರಿದಾಗಿದೆ, ಸೇದುತ್ತಲೇ ಇದ್ದರೆ ಮೊದಲು ಬೆರಳು, ಆಮೇಲೆ ಪಾದ ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಇವತ್ತು ಮತ್ತೆ ಪರೀಕ್ಷೆ. ಫಲಿತಾಂಶ ಕೆಟ್ಟದಾದರೆ ಬಿಟ್ಟಿದ್ದೇ ದಂಡ ಎಂದುಕೊಂಡು ಜೇಬಿನಲ್ಲಿ ಒಂದು ಸಿಗರೇಟು ಇಟ್ಟುಕೊಂಡೇ ಬಂದಿದ್ದ.

ಕೂರಲಾಗದೆ ಎದ್ದ.

“ಎಲ್ಲಿಗೆ?”

“ಸ್ವಲ್ಪ ಗಾಳಿಗೆ.”

“ಗಾಳಿ ಜೇಬಲ್ಲಿದೆಯಾ? ಕೈ ಅಲ್ಲೇ ಇದೆ.”

ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು, ಆಮೇಲೆ ಕಣಕಾಲಿಗೆ ಸುತ್ತಿದರು. ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ, ಅವರ ಕೈಯಲ್ಲಿದ್ದ ಪುಟ್ಟ ಯಂತ್ರ ಸುಯ್ಗುಟ್ಟಿತು, ಸುಮ್ಮನಾಯಿತು. ಅವರು ಜಾಗ ಬದಲಿಸಿದರು. ಏನೂ ಕೇಳಿಸಲಿಲ್ಲ. ಹೆಂಡತಿ ಸೆರಗಿನ ಅಂಚು ಹಿಸುಕುತ್ತಿದ್ದಳು.

“ಹೊಟ್ಟೆ ಯಾಕೆ ಒಳಗೆ ಎಳ್ಕೊಂಡಿದೀರಿ? ನಾನು ಅದನ್ನ ಅಳೀತಿಲ್ಲ,” ಎಂದರು ಡಾಕ್ಟರಮ್ಮ.

ಗಿರಾಕಿಗಳಿಗೆ ಜನ್ಮವಿಡೀ ಹೊಟ್ಟೆ ಎಳ್ಕೋಬೇಡಿ ಎಂದು ಹೇಳಿದವನು ನಾಚಿ ಸಡಿಲಬಿಟ್ಟ. ಯಂತ್ರ ಮತ್ತೆ ಸುಯ್ಗುಟ್ಟಿತು. ಈ ಸಲ ನಿಲ್ಲಲಿಲ್ಲ.

“ಹೋದ ಸಲಕ್ಕಿಂತ ಕಾಲಿನ ಒತ್ತಡ ಚೆನ್ನಾಗಿದೆ. ಹುಣ್ಣೂ ಮಾಯ್ತಾ ಇದೆ. ರಕ್ತದ ರಿಪೋರ್ಟಲ್ಲಿ ಒಳ್ಳೆ ಕೊಲೆಸ್ಟ್ರಾಲ್ ಏರಿದೆ. ಹೊಗೆ ಅದನ್ನೇ ತಗ್ಗಿಸಿ, ನಾಳದ ಒಳಗೋಡೆಯನ್ನೂ ಕೆಡಿಸ್ತಿತ್ತು. ಒಳಗೆ ಕಟ್ಟಿರೋ ಕೊಬ್ಬೆಲ್ಲ ಕರಗಲ್ಲ. ಆದ್ರೂ ಆಪರೇಷನ್ ಈಗ ಬೇಡ. ಮಾತ್ರೆ ತಪ್ಪಿಸ್ಬೇಡಿ, ನಡೀರಿ.”

“ಮತ್ತೆ ಸೊಂಟ, ಡಾಕ್ಟರಮ್ಮ?”

“ಬಾಯಿಚಪಲಕ್ಕೆ ಕುರುಕಲು ತಿಂದ್ರೆ ಬರುತ್ತೆ. ಅದನ್ನ ಇಳಿಸ್ಬಹುದು ರೀ. ಕಾಲು ಹೋದ್ರೆ?”

ಹೊರಗೆ ಹೆಂಡತಿ ಅಂಗೈ ಚಾಚಿದಳು. ಅವನು ಸಿಗರೇಟು ಇಟ್ಟ. ಅವಳು ಇನ್ನೊಂದು ಕೈಯನ್ನೂ ಚಾಚಿದಳು.

“ಒಂದೇ ಕಣೇ, ಆಣೆಗೂ!”

ಸಂಜೆ ಅಂಗಡಿಯಲ್ಲಿ ತನ್ನದೇ ಪ್ಯಾಂಟಿನ ಹಿಂಬದಿಯ ಹೊಲಿಗೆ ಬಿಚ್ಚಿದ. ಒಳಗೆ ಮಡಚಿಟ್ಟಿದ್ದ ಬಟ್ಟೆ ಎರಡಿಂಚಿಗೆ ಸಾಕಾಗುವಷ್ಟಿತ್ತು.

“ಒಂದಿಂಚೇ ಬಿಡಿ. ಇನ್ನೊಂದನ್ನ ನಡೆದು ಕರಗ್ಸಿ,” ಎಂದಳು ಅವಳು.

ಅವನು ಬಲಗಾಲಿಟ್ಟು ತುಳಿದ. ಹೊಲಿಗೆ ಮುಗಿಯುವವರೆಗೂ ಕಾಲು ನಿಲ್ಲಲಿಲ್ಲ.