ಮೂರನೇ ಚರಣದ ಹೆಸರು

ಸ್ಪೀಕರ್ ಇಳಿಸಿ ಎಂದು ಜೆರ್ಟ್ರೂಡ್ ಮೂರನೆಯ ಸಲ ಹೇಳುವಷ್ಟರಲ್ಲಿ ಅಂಗಳದ ಹುಡುಗರು ಅದನ್ನು ತೆಂಗಿನ ಮರಕ್ಕೆ ಕಟ್ಟಿ, ವಯರು ಎಳೆದು, ಹಲೋ ಹಲೋ ಎಂದು ಊದಿ ನೋಡಿಯೂ ಆಗಿತ್ತು. ಒಳಗೆ ಅವಳ ಗಂಡ ರೊಸಾರಿಯೊ ಮದುವೆಯ ಕೋಟು ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ್ದಾನೆ, ಹೊರಗೆ ಅವನ ಹಾಡು ಹಾಕುವ ತಯಾರಿ. ಐವತ್ತನಾಲ್ಕು ವರ್ಷ ಬೆನ್ನು ಬಿಡದ ಹಾಡು ಅವನು ಮಣ್ಣಿಗೆ ಹೋಗುವ ದಿನವಾದರೂ ಸುಮ್ಮನಿರಬಾರದೇ? ಅವಳಿಗೆ ಅಳುವುದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಶಿರ್ವದಲ್ಲಿ ಪಂಪಿನ ಮೋಟಾರು ವೈಂಡಿಂಗ್ ಮಾಡಿಕೊಂಡಿದ್ದವನ ಮರಣಕ್ಕೆ ಹೆಚ್ಚೆಂದರೆ ನೂರು ಜನ ಸೇರುತ್ತಾರೆ. ಇವತ್ತು ಇಗರ್ಜಿಯ ರಸ್ತೆಯವರೆಗೆ ವಾಹನ. ಮೇ ತಿಂಗಳಲ್ಲಿ ಯುದ್ಧ ಯುದ್ಧ ಎಂದು ಟಿ.ವಿ.ಯವರು ಬೊಬ್ಬೆ ಹೊಡೆದಾಗ ಯಾರೋ ಹಳೆಯ ಹಾಡನ್ನು ಹುಡುಕಿ ತೆಗೆದು, ಅದಕ್ಕೆ ಹೊಸ ಡ್ರಮ್ಮು ಸೇರಿಸಿ ಮೊಬೈಲಿಗೆ ಬಿಟ್ಟಿದ್ದರು. ಅಂದಿನಿಂದ ಜಿಲ್ಲೆಯಲ್ಲಿ ಅದನ್ನು ಕೇಳದ ಕಿವಿ ಇಲ್ಲ. ಹಾಡಿನ ರೊಸಾರಿಯೊ ಇವರೇ ಅಂತೆ ಎಂದು ನಿನ್ನೆ ರಾತ್ರಿ ಸುದ್ದಿ ಹರಡಿತು, ಬೆಳಿಗ್ಗೆ ಬಾವುಟ ಹಿಡಿದುಕೊಂಡು ಜನ ಬಂದರು.

ಉಡುಪಿಯಿಂದ ಬಂದ ಪತ್ರಿಕೆಯ ಹುಡುಗ ಮನೀಶ್ ಪೆಟ್ಟಿಗೆಯ ಬದಿಗೇ ಬಂದು ಕುಳಿತ. ಅವನಿಗೊಂದು ಸಂಶಯ ಇತ್ತು.

"ಆಂಟಿ, ಹಾಡಲ್ಲಿ ಇವರು ಎಪ್ಪತ್ತೊಂದರಲ್ಲೇ ಹುತಾತ್ಮರಾಗಿದ್ದಾರಲ್ಲ?"

"ಹೌದು ಮಗ," ಎಂದಳು ಜೆರ್ಟ್ರೂಡ್. "ಆಮೇಲೆ ನನ್ನನ್ನು ಮದುವೆ ಆದರು."

ಹುಡುಗ ಅದನ್ನೂ ಬರೆದುಕೊಂಡ. ಮಗಳು ಫಿಯೋನಾ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿದ್ದವಳು ತಟ್ಟನೆ ಅದನ್ನು ಮಗುಚಿ ಹಿಡಿದಳು. ಎಂತ ಅದು, ತೋರಿಸು ಎಂದು ತಾಯಿ ಕೈ ಚಾಚಿದಳು. ಯಾರೋ ಬರೆದಿದ್ದ: ಉಳಿದವರೆಲ್ಲ ಹಡಗಿನೊಂದಿಗೆ ಮುಳುಗಿದರು, ಇವನೊಬ್ಬ ಹಾರಿ ಓಡಿ ಬಂದು ಹಾಸಿಗೆಯಲ್ಲಿ ಸತ್ತ. ಅದಕ್ಕೆ ಇನ್ನೂರು ಜನರ ಮೆಚ್ಚುಗೆ.

* * *

ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ, ರೊಸಾರಿಯೊ ಕೆಲಸಕ್ಕಿದ್ದ ನೌಕಾಪಡೆಯ ಹಡಗು ಮುಳುಗಿದ ವಾರವೇ ಶಿರ್ವದ ಮನೆಗೆ ತಂತಿ ಬಂದಿತ್ತು. ಕಾಣೆಯಾಗಿದ್ದಾನೆ, ತೀರಿಕೊಂಡಿರುವ ಸಂಭವ ಉಂಟು ಎಂದು ಒಕ್ಕಣೆ. ಮನೆಯವರು ಇಗರ್ಜಿಯಲ್ಲಿ ಸತ್ತವರ ಪೂಜೆ ಇಡಿಸಿದರು, ಪತ್ರಿಕೆಯಲ್ಲಿ ಫೋಟೋ ಬಂತು. ಅದನ್ನು ನೋಡಿದ ಉಡುಪಿಯ ಒಬ್ಬ ಸಂಗೀತದ ಮೇಷ್ಟ್ರು ಕೂತ ಕೂತಲ್ಲೇ ಹಾಡು ಕಟ್ಟಿದರು. ಕ್ರಿಸ್ಮಸ್ಸಿಗೆ ಮೊದಲೇ ಅದು ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯಲ್ಲಿ, ಸಂತೆಯಲ್ಲಿ. ಮೂರನೇ ಚರಣ ಬಂದಾಗ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರಂತೆ:

ಹಾರಲಿಲ್ಲ ಒಬ್ಬನೂ, ಅಳಲಿಲ್ಲ ಒಬ್ಬನೂ,
ನಿಂತಲ್ಲೇ ನಿಂತ ನಮ್ಮ ರೊಸಾರಿಯೊ.

ಜನವರಿಯ ಕೊನೆಗೆ ರೊಸಾರಿಯೊ ಬಸ್ಸಿನಿಂದ ಇಳಿದ. ಎರಡೂ ಕೈಗೆ ಬ್ಯಾಂಡೇಜು. ಸುಟ್ಟ ಗಾಯದಲ್ಲಿ ಬೊಂಬಾಯಿಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದವನ ಹೆಸರು ಯಾರಿಗೂ ಗೊತ್ತಾಗಿರಲಿಲ್ಲ. ಊರಿನವರು ಅವನನ್ನು ಅಪ್ಪಿಕೊಂಡು ಅತ್ತರು, ಅದು ಸುಳ್ಳಲ್ಲ. ಆದರೆ ಆಗಸ್ಟ್ ಹದಿನೈದಕ್ಕೆ ಅದೇ ಹಾಡನ್ನು ಹಾಗೆಯೇ ಹಾಡಿದರು, ಅವನನ್ನೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿಕೊಂಡು. ಮುಂದಿನ ವರ್ಷವೂ ಹಾಡಿದರು. ಮೋಟಾರು ರಿಪೇರಿಗೆ ಎಲ್ಲಿ ಹೋಗಬೇಕು ಎಂದು ಹೊಸಬರು ಕೇಳಿದರೆ, ಸತ್ತ ರೊಸಾರಿಯೊನ ಅಂಗಡಿ ಉಂಟಲ್ಲ ಮಾರಾಯ, ಅಲ್ಲಿ, ಎನ್ನುತ್ತಿದ್ದರು.

ಇಷ್ಟಾದರೆ ನಕ್ಕು ಬಿಡಬಹುದಿತ್ತು. ಅವನು ನಗಲಿಲ್ಲ. ಕಾಪುವಿನ ಮೀನುಗಾರರ ಮನೆಯ ಗುಣಪಾಲ ಅದೇ ಹಡಗಿನಲ್ಲಿದ್ದ. ಕತ್ತಲೆಯಲ್ಲಿ ನೀರು ನುಗ್ಗುವಾಗ ಏಣಿಯಲ್ಲಿ ರೊಸಾರಿಯೊನ ಕೆಳಗೆ ಇದ್ದವನು, ಹೆಗಲು ಕೊಟ್ಟು ಅವನನ್ನು ಮೇಲಕ್ಕೆ ನೂಕಿದವನು. ಅವನು ಮಾತ್ರ ಮೇಲೆ ಬರಲೇ ಇಲ್ಲ. ಅವನ ಮನೆಗೆ ತಂತಿ ಬಂದದ್ದು ಒಂದು ತಿಂಗಳು ತಡವಾಗಿ. ಅಷ್ಟರಲ್ಲಿ ಊರಿನ ಕಣ್ಣೀರೆಲ್ಲ ರೊಸಾರಿಯೊನ ಹೆಸರಿಗೆ ಖರ್ಚಾಗಿತ್ತು.

* * *

ಮದುವೆಯಾದ ಮರುವರ್ಷ ಅವನು ಜೆರ್ಟ್ರೂಡ್‌ಳನ್ನೂ ಕರೆದುಕೊಂಡು ಮೇಷ್ಟ್ರ ಮನೆಗೆ ಹೋಗಿದ್ದ. ಮೇಷ್ಟ್ರು ಒಳ್ಳೆಯವರೇ, ಕಾಫಿ ಕೊಟ್ಟರು. ನನ್ನ ಹೆಸರು ತೆಗೆದು ಗುಣಪಾಲನ ಹೆಸರು ಹಾಕಿ ಎಂದು ಕೇಳಿದ್ದಕ್ಕೆ, ಅದು ರಾಗಕ್ಕೆ ಕೂರುವುದಿಲ್ಲ ಎಂದರು. ಸಂಗೀತದ ಗಂಧವಿಲ್ಲದ ರೊಸಾರಿಯೊ ಆ ಜಗಲಿಯಲ್ಲಿ ನಿಂತು, ಬ್ಯಾಂಡೇಜು ಬಿಚ್ಚಿ ವರ್ಷಗಳಾದರೂ ಬಗ್ಗದ ಬೆರಳುಗಳಿಂದ ತೊಡೆಗೆ ತಾಳ ಹಾಕಿ ಹಾಡಿದ: ನಿಂತಲ್ಲೇ ನಿಂತ ನಮ್ಮ ಗುಣಪಾಲ. ಕೂತಿತು. ಸರಿಯಾಗಿಯೇ ಕೂತಿತು.

ಮೇಷ್ಟ್ರು ಲೋಟ ಕೆಳಗಿಟ್ಟರು. "ಜನ ಆ ಹೆಸರಿಗೆ ಅತ್ತು ಆಗಿದೆ, ರೊಸಾರಿಯೊ," ಎಂದರು. "ಇನ್ನೊಬ್ಬನಿಗೆ ಪುನಃ ಅಳುವುದಿಲ್ಲ."

ಅಂದಿನಿಂದ ಪ್ರತಿ ಆಗಸ್ಟ್ ಹದಿನೈದಕ್ಕೆ ರೊಸಾರಿಯೊ ಅಂಗಡಿ ಮುಚ್ಚಿ, ಶಂಕರಪುರದ ಮಲ್ಲಿಗೆ ಒಂದು ಚೆಂಡು ಕಟ್ಟಿಸಿಕೊಂಡು ಕಾಪುವಿಗೆ ಹೋಗುತ್ತಿದ್ದ. ಗುಣಪಾಲನ ಫೋಟೋಕ್ಕೆ ಹಾಕಿ, ಅವನ ತಾಯಿಯ ಎದುರು ಒಂದು ಗಂಟೆ ಕುಳಿತು ಬರುತ್ತಿದ್ದ. ಬದುಕಿದ್ದೇನೆ ಎನ್ನುವುದೇ ಅವನಿಗೆ ಒಂದು ತಪ್ಪಿನ ಹಾಗೆ ಆಗಿಹೋಗಿತ್ತು. ಮೊನ್ನೆ ಮಣಿಪಾಲದ ಆಸ್ಪತ್ರೆಯಲ್ಲಿ ಮೂಗಿಗೆ ಪೈಪು ಹಾಕಿಸಿಕೊಂಡು ಹೆಂಡತಿಗೆ ಹೇಳಿದ್ದು ಅದೊಂದೇ ಮಾತು: ಒಂದು ಸಲವಾದರೂ ಅವನ ಹೆಸರು ಹಾಡಿಸು.

* * *

ಹನ್ನೊಂದಕ್ಕೆ ದೇವದಾಸ ಬಂದ. ಮೇಷ್ಟ್ರ ಮಗ, ಈಗ ಆರ್ಕೆಸ್ಟ್ರಾದವನು, ಹಾಡಿನ ಹಕ್ಕುದಾರ. ಬಿಳಿ ಜುಬ್ಬಾ ಹಾಕಿ ಮೈಕು ಸಹ ತಂದಿದ್ದ. ಜೆರ್ಟ್ರೂಡ್ ಅವನನ್ನು ಅಡುಗೆಮನೆಗೆ ಕರೆದಳು. ಹಾಡು ಬೇಡವೇ ಬೇಡ ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದವಳಿಗೆ ಅವನ ಮುಖ ನೋಡಿದಾಗ ಬೇರೆಯೇ ಯೋಚನೆ ಬಂದಿತ್ತು. ಸ್ಮಶಾನದಲ್ಲಿ ಹಾಡಬಹುದು, ಆದರೆ ಮೂರನೇ ಚರಣದಲ್ಲಿ ಗುಣಪಾಲ ಎನ್ನಬೇಕು, ಇಲ್ಲದಿದ್ದರೆ ಆ ಮೈಕು ನಮ್ಮ ಅಂಗಳ ದಾಟಬಾರದು ಎಂದಳು.

ದೇವದಾಸನಿಗೆ ಇದೆಲ್ಲ ಗೊತ್ತೇ ಇರಲಿಲ್ಲ. ಬಾಯಿಯೊಳಗೇ ಒಂದು ಸಲ ಗುನುಗಿ ನೋಡಿದ. "ಕೂರ್ತದೆ ಅಲ್ವಾ, ಬಾಯಮ್ಮ," ಎಂದ ಆಶ್ಚರ್ಯದಿಂದ. "ಅಪ್ಪ ಎಂತಕ್ಕೆ ಬದಲಿಸಲಿಲ್ಲ?" ಹಾಡುತ್ತೇನೆ ಎಂದು ಅವನು ಕೈಮುಗಿದ. ಹುಡುಗ ಕೆಟ್ಟವನಲ್ಲ ಎಂದು ಅವಳಿಗೆ ಅನ್ನಿಸಿತು.

ಗುಣಪಾಲನ ತಂಗಿ ರತ್ನಾವತಿ ಅಂಗಳದ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತಿದ್ದಳು. ಅಣ್ಣ ಹೋದಾಗ ಒಂಬತ್ತು ವರ್ಷದವಳು, ಈಗ ಕೂದಲು ಪೂರ್ತಿ ಬೆಳ್ಳಗೆ. ಜೆರ್ಟ್ರೂಡ್ ಹೋಗಿ ಅವಳ ಕೈ ಹಿಡಿದುಕೊಂಡಳು.

"ಇವತ್ತು ನಿನ್ನ ಅಣ್ಣನ ಹೆಸರು ಹಾಡ್ತಾರೆ, ರತ್ನಾ."

"ಅಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತು ಬಾಯಮ್ಮ. ಕೇಳಬೇಕಾದವರು ಈಗ ಯಾರಿದ್ದಾರೆ?" ಎಂದಳು ರತ್ನಾವತಿ. ಮತ್ತೆ ತಾನೇ, "ನಾನಿದ್ದೇನೆ ಅಂತ ಇಟ್ಟುಕೊಳ್ಳಿ. ಹಾಡಲಿ," ಎಂದಳು.

ಇಗರ್ಜಿಯಲ್ಲಿ ಪೂಜೆ ಮುಗಿಯಿತು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು, ಪಾದ್ರಿಗಳು ಪವಿತ್ರಜಲ ಚಿಮುಕಿಸಿದರು, ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ದೇವದಾಸ ಮೈಕು ಹಿಡಿದು ಗುಂಡಿಯ ತಲೆಬದಿಗೆ ನಿಂತ. ಇನ್ನೂರು ಮುನ್ನೂರು ಮೊಬೈಲುಗಳು ಮೇಲೆದ್ದವು. ಮೊದಲ ಚರಣದಲ್ಲಿ ಜನ ಸುಮ್ಮನಿದ್ದರು. ಎರಡನೆಯದಕ್ಕೆ ಅಲ್ಲೊಬ್ಬ ಇಲ್ಲೊಬ್ಬ ದನಿಗೂಡಿಸಿದರು. ಜೆರ್ಟ್ರೂಡ್‌ಳ ಕಣ್ಣು ದೇವದಾಸನ ಬಾಯಿಯ ಮೇಲೇ ಇತ್ತು. ಮದುವೆಯ ದಿನವೂ ಅವಳಿಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ಹಾರಲಿಲ್ಲ ಒಬ್ಬನೂ, ಎಂದ ದೇವದಾಸ. ಇಡೀ ಸ್ಮಶಾನ ಅವನ ಜೊತೆಗೆ ಎದ್ದಿತು. ಮಾತು ಕೊಟ್ಟ ಹಾಗೆ ಅವನು ಗುಣಪಾಲ ಎಂದೇ ಹಾಡಿದ, ಕುತ್ತಿಗೆಯ ನರ ಉಬ್ಬುವಂತೆ ಹಾಡಿದ. ಅವನ ತುಟಿ ನೋಡುತ್ತಿದ್ದ ಜೆರ್ಟ್ರೂಡ್‌ಗೆ ಮಾತ್ರ ಅದು ಗೊತ್ತಾಯಿತು. ಮೈಕಿನ ದನಿಯನ್ನೂ ಮುಳುಗಿಸಿ, ಬಾವುಟ ಹಿಡಿದವರು, ಗಲ್ಫಿನಿಂದ ರಜೆಗೆ ಬಂದವರು, ಶಾಲೆಯ ಮಕ್ಕಳು, ಎಲ್ಲರೂ ಒಂದೇ ಬಾಯಿಯಲ್ಲಿ ರೊಸಾರಿಯೊ, ರೊಸಾರಿಯೊ ಎಂದು ಕೂಗಿದರು. ಗುಣಪಾಲನ ಪಾಲಿಗೆ ಬಂದ ಒಂದೇ ಒಂದು ಸಾಲು, ಅದೂ ಹೋಯಿತು.

ಅವಳು ನಾಚಿಕೆಯಿಂದ ಹಿಂತಿರುಗಿ ರತ್ನಾವತಿಯನ್ನು ಹುಡುಕಿದಳು. ಚಿಕ್ಕವಳಿದ್ದಾಗ ಕಾಪುವಿನ ಶಾಲೆಯಲ್ಲಿ ರತ್ನಾವತಿಯನ್ನೂ ಏಳು ವರ್ಷ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಆ ಹಾಡು ಹಾಡಿಸಿದ್ದರು. ಈಗ ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು, ಅವುಗಳಿಂದ ಬಂದದ್ದೂ ರೊಸಾರಿಯೊ ಎಂಬ ಹೆಸರೇ. ಮರುಕ್ಷಣ ಅವಳು ಕಣ್ಣು ಬಿಟ್ಟು ಜೆರ್ಟ್ರೂಡ್‌ಳನ್ನು ನೋಡಿದಳು, ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಪಕ್ಕದಲ್ಲಿದ್ದ ಯಾರೋ ಹೆಂಗಸು, ಪಾಪ, ಇವರು ತೀರ ಹತ್ತಿರದವರು ಇರಬೇಕು ಎನ್ನುತ್ತಾ ಅವಳ ಬೆನ್ನು ಸವರತೊಡಗಿದಳು.